ರೆಮೆಗೆ ನಾನು ಕಲಿಸಿದ ಕನ್ನಡ

ಓಡೈಪಟ್ಟಿ

ವಿಮಾನದಲ್ಲಿ ನನಗೆ ಸಿಕ್ಕ ಕಿಟಕಿಯಿಂದ ಕಂಡದ್ದು ಬರೀ ರೆಕ್ಕೆ. ಆದ್ದರಿಂದ ಮೋಡ, ಸೂರ್ಯೋದಯಗಳ ವರ್ಣನೆಯನ್ನು ಓದುಗರು ಬೇರೆಯವರ ಪ್ರವಾಸದಲ್ಲಿ ನೋಡಿಕೊಳ್ಳಬೇಕು. ನಾನು ಹೇಳಹೊರಟಿರುವುದು ದ್ರಾಕ್ಷಿ, ಕಾಗದದ ಚೀಲ, ಮತ್ತು ಎರಡು ವರ್ಷ ನಾನು ಬಾಯಿಬಿಡದೆ ಇಟ್ಟುಕೊಂಡ ಒಂದು ಗುಟ್ಟಿನ ವಿಷಯ.

ನಮ್ಮದು ತೇನಿ ಜಿಲ್ಲೆಯ ಓಡೈಪಟ್ಟಿ. ನಮ್ಮವರು ಕಂಬಂ ಕಣಿವೆಗೆ ಬಂದು ಎಷ್ಟು ತಲೆಮಾರಾಯಿತೆಂದು ಕೇಳಿದರೆ ಒಬ್ಬೊಬ್ಬ ಅಜ್ಜ ಒಂದೊಂದು ಲೆಕ್ಕ ಹೇಳುತ್ತಾನೆ. ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ. ನಾನು ಓದಿದ್ದು ತಮಿಳು ಶಾಲೆಯಲ್ಲಿ, ಹಾಗಾಗಿ ಐವತ್ತು ವರ್ಷವಾದರೂ ಕನ್ನಡದ ಒಂದು ಅಕ್ಷರವೂ ತಿಳಿದಿರಲಿಲ್ಲ. ನನ್ನ ಮಗಳಿಗೆ ನಾನು ಕನ್ನಡದಲ್ಲಿ ಏನು ಹೇಳಿದರೂ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ.

ನಮ್ಮ ದ್ರಾಕ್ಷಿಗೆ ಹಕ್ಕಿ, ಹುಳು, ಅಕಾಲದ ಮಳೆ, ಎಲ್ಲವೂ ಶತ್ರುಗಳು. ಒಂದು ದಿನ ಫೋನಿನಲ್ಲಿ ಒಂದು ವಿಡಿಯೋ ಬಂತು. ಯಾವುದೋ ದೇಶದ ಹೆಂಗಸರು ಬಳ್ಳಿಯಲ್ಲಿದ್ದ ಗೊಂಚಲುಗಳಿಗೆ ಒಂದೊಂದಾಗಿ ಕಾಗದದ ಚೀಲ ತೊಡಿಸುತ್ತಿದ್ದರು, ಮದುವೆಗೆ ಹೊರಟ ಮಕ್ಕಳಿಗೆ ಅಂಗಿ ತೊಡಿಸುವ ಹಾಗೆ. ಮಾತು ಸ್ಪ್ಯಾನಿಷ್. ಯಂತ್ರ ಕೊಟ್ಟ ತಮಿಳು ಅನುವಾದದಲ್ಲಿ "ಕುತ್ತಿಗೆಯನ್ನು ಬಿಗಿಯಾಗಿ ಕಟ್ಟಿ" ಎಂದು ಬಂತು. ಯಾರ ಕುತ್ತಿಗೆ ಎಂದು ಬರಲಿಲ್ಲ. ಇದನ್ನು ನಂಬಿ ತೋಟಕ್ಕಿಳಿದರೆ ಆಗದು ಎಂದು, ಅಂದೇ ಭಾಷೆ ಕಲಿಸುವ ಆ್ಯಪ್ ಹಾಕಿಸಿಕೊಂಡೆ.

ಅದು ಮೊದಲ ತಿಂಗಳೆಲ್ಲ ಕಲಿಸಿದ್ದು ಆಮೆ ಹಾಲು ಕುಡಿಯುತ್ತದೆ, ಚಿಕ್ಕಪ್ಪನ ಟೋಪಿ ಹಸಿರು ಎಂಬಂಥ ಸಂಗತಿಗಳನ್ನು. ಒಂದು ದಿನ ತಪ್ಪಿಸಿದರೆ ಅಳುಮೋರೆಯ ಚಿತ್ರ ಕಳಿಸುತ್ತಿತ್ತು. ನನ್ನ ಅತ್ತೆ ಬದುಕಿದ್ದಾಗಲೂ ನನಗೆ ಅಷ್ಟು ಹೆದರಿಕೆ ಇರಲಿಲ್ಲ. ಚಪ್ಪರದ ಕೆಳಗೆ ಕತ್ತರಿ ಹಿಡಿದು, ಕಿವಿಗೆ ವೈರು ಸಿಕ್ಕಿಸಿಕೊಂಡು ನಾನು ಜೋರಾಗಿ ಉತ್ತರ ಹೇಳುವುದನ್ನು ಕಂಡು ಕೆಲಸದ ಹೆಂಗಸರು ನನಗೆ ಗಾಳಿ ಮೆಟ್ಟಿದೆ ಎಂದುಕೊಂಡರು. ಆಮೇಲೆ ಅವರಿಗೂ ಬಾಯಿಪಾಠವಾಯಿತು. ಫೋನು ದ್ರಾಕ್ಷಿಯ ಚಿತ್ರ ತೋರಿಸಿದರೆ ನನಗಿಂತ ಮೊದಲು ಪೇಚಿಯಮ್ಮ "ಊವಾ!" ಎಂದು ಕೂಗುತ್ತಿದ್ದಳು.

ಮುಂದೆ ದ್ರಾಕ್ಷಿ ಬೆಳೆಗಾರರ ಆನ್‌ಲೈನ್ ಗುಂಪೊಂದಕ್ಕೆ ಸೇರಿದೆ. ಪೆರು, ಚಿಲಿ, ಸ್ಪೇನ್ ಎಲ್ಲ ಕಡೆಯವರೂ ಅಲ್ಲಿದ್ದರು. ಬೂದಿರೋಗ ಬಿದ್ದ ಎಲೆಯ ಫೋಟೋ ಹಾಕಿದರೆ ಒಬ್ಬ ಗಂಧಕ ಹಾಕು ಎನ್ನುವನು, ಇನ್ನೊಬ್ಬ ಹಾಕಿದರೆ ಕೆಟ್ಟೆ ಎನ್ನುವನು, ಮೂರನೆಯವನು ಅವರಿಬ್ಬರ ಊರಿನ ದ್ರಾಕ್ಷಿಯನ್ನೇ ಹಳಿಯುವನು. ನಮ್ಮ ಪಕ್ಕದ ಚಿನ್ನಮನೂರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತಷ್ಟೇ ಹಿತವಾಗಿತ್ತು. ಅಲ್ಲಿಯೇ ಒಮ್ಮೆ ಧೈರ್ಯ ಮಾಡಿ ಬರೆದೆ: ನಾನು ಇಂಡಿಯಾದವಳು, ನನ್ನ ಜೊತೆ ಸ್ಪ್ಯಾನಿಷ್ ಮಾತಾಡುವವರು ಬೇಕು, ಬದಲಿಗೆ ನನ್ನ ಭಾಷೆ ಕಲಿಸುತ್ತೇನೆ.

ರೆಮೆ ಉತ್ತರ ಬರೆದದ್ದು ಆಗ. ಅರವತ್ತೆಂಟು ವಯಸ್ಸು, ಸ್ಪೇನಿನ ವಿನಲೋಪೋ ಕಣಿವೆಯಲ್ಲಿ ದ್ರಾಕ್ಷಿತೋಟ, ಗಂಡ ತೀರಿಕೊಂಡಿದ್ದಾನೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ನಿನಗೆ ಕನ್ನಡ ಬರುತ್ತದೆಯೇ?"

ಅವಳ ಮಗ ಪಾಬ್ಲೊ ಮದುವೆಯಾಗಿದ್ದದ್ದು ವಲೆನ್ಸಿಯಾಕ್ಕೆ ಓದಲು ಬಂದ ಮೈಸೂರಿನ ಹುಡುಗಿ ಚೈತ್ರಾಳನ್ನು. ಮೈಸೂರಿನ ಮದುವೆಯಲ್ಲಿ ರೆಮೆ ಮತ್ತು ಹುಡುಗಿಯ ತಾಯಿ ಶಾರದಮ್ಮ ಎರಡು ದಿನ ಅಕ್ಕಪಕ್ಕ ಕೂತು, ಒಂದು ಮಾತೂ ಬಾರದೆ, ದವಡೆ ನೋಯುವವರೆಗೆ ನಗಾಡಿದ್ದರಂತೆ. ಈಗ ಚೈತ್ರಾ ಬಸುರಿ. ಶಾರದಮ್ಮ ತನ್ನ ಮನೆಗೆ ಬರುವ ದಿನ ಅವರೊಡನೆ ಅವರ ಭಾಷೆಯಲ್ಲಿ ಮಾತಾಡಬೇಕು, ಅಲ್ಲಿಯವರೆಗೆ ಮಗನಿಗೂ ಸೊಸೆಗೂ ತಿಳಿಯಬಾರದು ಎಂಬುದು ರೆಮೆಯ ಆಸೆ.

ಬರುತ್ತದೆ ಎಂದೆ. ಅದು ಸುಳ್ಳಲ್ಲ. ಎರಡನೇ ವಾರ ಅವಳು "ಬರೆಯುವುದು ಹೇಗೆ?" ಎಂದು ಕೇಳಿದಾಗ ಮುಂದಿನ ವಾರ ಎಂದು ತಪ್ಪಿಸಿಕೊಂಡು, ಮಕ್ಕಳ ವಿಡಿಯೋ ನೋಡಿ ಅ ಆ ಇ ಈ ಕಲಿಯಲು ಕೂತೆ. ನನ್ನ ತಾಯಿನುಡಿಯ ಅಕ್ಷರ ನನಗೆ ಬಂದದ್ದು ಸ್ಪ್ಯಾನಿಷ್ ಕಲಿಯಹೋದದ್ದರಿಂದ. ಆ ವಿಡಿಯೋಗಳಲ್ಲಿನ ಕನ್ನಡ ಕೇಳುತ್ತ ಕೇಳುತ್ತ ಇನ್ನೊಂದೂ ತಿಳಿಯಿತು: ನಾನು ಆಡುವುದು ಮೈಸೂರಿನ ಕನ್ನಡವಲ್ಲ. ನಮ್ಮದರಲ್ಲಿ ಅರ್ಧ ತಮಿಳು, ಉಳಿದರ್ಧ ಯಾವ ಕಾಲದ್ದೋ. ಅದನ್ನು ರೆಮೆಗೆ ಹೇಳಬೇಕಿತ್ತು. ಹೇಳಿದರೆ ಅವಳು ಬೇರೆ ಗುರುವನ್ನು ಹುಡುಕುತ್ತಾಳೆ ಎಂದು ಹೆದರಿದೆ. ಇನ್ನೂ ನಿಜ ಹೇಳಬೇಕೆಂದರೆ, ನನ್ನ ಕನ್ನಡ ಬೇಕು ಎಂದು ಜೀವನದಲ್ಲಿ ನನ್ನನ್ನು ಕೇಳಿದವಳು ಅವಳೊಬ್ಬಳೇ.

ಎರಡು ವರ್ಷ ಕಳೆಯಿತು. ಚೈತ್ರಾಳ ಮಗುವಿಗೂ ವರ್ಷ ತುಂಬಿತು. "ಶಾರದಾ ಜುಲೈನಲ್ಲಿ ಬರುತ್ತಾಳೆ. ಚೀಲ ಕಟ್ಟುವ ಕಾಲವೂ ಅದೇ. ನೀನೂ ಬಾ. ಪರೀಕ್ಷೆಯ ದಿನ ಗುರು ಇರಬೇಕು," ಎಂದಳು ರೆಮೆ. ನನ್ನ ಗಂಡ ಚಪ್ಪರದ ಕಂಬಕ್ಕೆ ಒರಗಿ ಕೇಳಿದರು, "ಪೇಪರ್ ಪೈ ಕಟ್ಟಾಕ ಕಡಲ್ ದಾಟಿ ಹೋಗ್ಬೇಕಾ? ಇಲ್ಲೇ ಕಟ್ಟಾಕ್ ಆಗಾದಾ?" ಪೈ ಎಂದರೆ ಚೀಲ. ನನಗೆ ಚೀಲಕ್ಕಿಂತ ದೊಡ್ಡ ಗಂಟು ಇತ್ತು. ಶಾರದಮ್ಮ ಬರುವ ಮೊದಲೇ ರೆಮೆಗೆ ನಿಜ ಹೇಳಿಬಿಡಬೇಕು ಎಂದು ಹೊರಟೆ.

ಮದ್ರಿದ್

ಪಾಸ್‌ಪೋರ್ಟ್ ನೋಡುವ ಅಧಿಕಾರಿ ಬಂದ ಕಾರಣ ಕೇಳಿದ. ಆಮೆ, ಹಾಲು, ಟೋಪಿ ಯಾವುದೂ ಉಪಯೋಗಕ್ಕೆ ಬರಲಿಲ್ಲ. "ದ್ರಾಕ್ಷಿತೋಟದಲ್ಲಿ ಚೀಲ ಕಟ್ಟಲು," ಎಂದು ಅಚ್ಚುಕಟ್ಟಾದ ಸ್ಪ್ಯಾನಿಷ್‌ನಲ್ಲಿ ಹೇಳಿದೆ. ಅವನ ಮುಖ ಬಿಗಿಯಿತು. "ತ್ರಬಾಹೋ?" ಎಂದ. ಕೆಲಸಕ್ಕೆ ಬಂದೆಯಾ ಎಂದು! ಪ್ರವಾಸಿ ವೀಸಾ ಹಿಡಿದು ಕೂಲಿಗೆ ಬಂದವಳೆಂದು ತಿಳಿದುಬಿಟ್ಟ. ಗೆಳತಿ, ಗೆಳತಿಯ ತೋಟ, ಕಲಿಯಲು ಎಂದೆಲ್ಲ ಬಡಬಡಿಸಿ, ಕೊನೆಗೆ ಫೋನಿನಲ್ಲಿ ರೆಮೆಯ ಫೋಟೋ ತೋರಿಸಿದೆ. ಗೊಂಚಲು ಹಿಡಿದು ನಿಂತ ಮುದುಕಿಯನ್ನು ನೋಡಿ ಅವನು, "ನನ್ನ ಅಜ್ಜಿಯದೂ ಅದೇ ಕಣಿವೆ," ಎಂದು ಮುದ್ರೆ ಒತ್ತಿದ. ಅಜ್ಜಿಯರ ಹೆಸರಿಗೆ ಎಲ್ಲ ದೇಶಗಳಲ್ಲೂ ಬಾಗಿಲು ತೆರೆಯುತ್ತದೆ ಎಂದು ಕಾಣುತ್ತದೆ.

ರೆಮೆಯ ಬಾಗಿಲು

ಟ್ಯಾಕ್ಸಿ ಇಳಿದಾಗ ರೆಮೆ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಫೋನಿನಲ್ಲಿ ಕಂಡದ್ದಕ್ಕಿಂತ ಗಿಡ್ಡ, ದನಿ ಮಾತ್ರ ಎರಡು ಪಟ್ಟು.

"ಏನ್ ನಾಗಮ್ಮಾ, ಇಪ್ಪತಾ ನಮ್ಮನೆ ದಾರಿ ತೆರಿಂತಾ ನಿಂಗೆ? ಬಾ ಒಳಕ್ಕೆ, ಮೊದ್ಲು ಕೂಳುಣ್ಣು!"

ಈಗಷ್ಟೇ ದಾರಿ ತಿಳಿಯಿತಾ ಎಂಬ ಈ ಬೈಗುಳ ನಮ್ಮ ಸ್ವಾಗತ. ಕಂಬಂ ಕಣಿವೆಯ ನಮ್ಮ ಮನೆಗಳಲ್ಲಿ ಬಂದವರನ್ನು ಬೈದೇ ಒಳಗೆ ಕರೆಯುವುದು. ಹತ್ತಿರದವರಾದಷ್ಟೂ ಬೈಗುಳ ಉದ್ದ. "ಬನ್ನಿ, ಕೂತುಕೊಳ್ಳಿ" ಎಂದು ಮೆತ್ತಗೆ ಹೇಳುವುದು ಮೀಟರ್ ಓದಲು ಬಂದವನಿಗೆ, ಅಥವಾ ಮನಸ್ಸು ಮುರಿದ ನೆಂಟರಿಗೆ. ಇದನ್ನು ರೆಮೆಗೆ ಕಲಿಸಿದವಳು ನಾನೇ. ಏಳು ಸಮುದ್ರದಾಚೆ ಒಬ್ಬಳು ನನ್ನ ಅಮ್ಮನ ಹಾಗೆ ನನ್ನನ್ನು ಬೈದಾಗ ಪೆಟ್ಟಿಗೆ ಅಲ್ಲೇ ಇಟ್ಟು ಅತ್ತುಬಿಟ್ಟೆ. ಅವಳು ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಆಮೇಲೆ ಹೊಳೆಯಿತು, ಭಾನುವಾರ ಶಾರದಮ್ಮ ಬಂದಾಗ ಇದೇ ಬಾಗಿಲಲ್ಲಿ ನಿಂತು ಅವರನ್ನೂ ಹೀಗೆಯೇ ಬೈಯುತ್ತಾಳೆ.

ಶಾರದಮ್ಮ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು.

ಬೀದಿಯ ಕುರ್ಚಿಗಳು

ಆ ಊರಿನ ಮನೆಗಳಿಗೆ ಜಗಲಿ ಇಲ್ಲ. ಸಂಜೆ ಬಿಸಿಲಿಳಿದರೆ ಮನೆಮನೆಯವರೂ ಕುರ್ಚಿ ಹೊತ್ತು ತಂದು ಬೀದಿಯಲ್ಲೇ ಹಾಕಿಕೊಂಡು ಕೂರುತ್ತಾರೆ. ಕಾರು ಬಂದರೆ ಕಾರಿನವನೇ ಕಾಯಬೇಕು. ಮಧ್ಯಾಹ್ನ ಮೂರಕ್ಕೆ ಉಂಡು, ಮಲಗಿ ಎದ್ದು ಬಂದವರಿಗೆ ಅವಸರವೂ ಇಲ್ಲ. ರೆಮೆ ನನ್ನನ್ನು "ನನ್ನ ಗುರು" ಎಂದು ಬೀದಿಗೆಲ್ಲ ಪರಿಚಯ ಮಾಡಿದಳು. ಆಮೇಲೆ ತನ್ನ ತಂಗಿಯ ಕಡೆ ತಿರುಗಿ ಏನೋ ಹೇಳತೊಡಗಿದಳು. ನನಗೆ ಒಂದು ಮಾತೂ ಅರ್ಥವಾಗಲಿಲ್ಲ. ಎರಡು ವರ್ಷದ ಸ್ಪ್ಯಾನಿಷ್ ಕೈಕೊಟ್ಟಿತು ಎಂದು ಗಾಬರಿಯಾದೆ.

"ಅದು ಸ್ಪ್ಯಾನಿಷ್ ಅಲ್ಲ," ಎಂದು ನಕ್ಕಳು. "ವಲೆನ್ಸಿಯಾನೊ. ಮನೆಯ ಮಾತು. ನೀನು ಕೇಳಿದ್ದು ಸ್ಪ್ಯಾನಿಷ್, ಅದನ್ನು ಕಲಿಸಿದೆ. ಅದು ಶಾಲೆಯ ಮಾತು."

ದೇವರೇ ಕೊಟ್ಟ ಸಮಯ. ನಾನು ಕಲಿಸಿದ್ದೂ ಮನೆಯ ಮಾತೇ, ಶಾರದಮ್ಮನ ಶಾಲೆಯದಲ್ಲ ಎಂದು ಆಗಲೇ ಹೇಳಬಹುದಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಒಳಗಿಂದ ಒಂದು ನೋಟ್‌ಬುಕ್ ತಂದಳು. ನಾನು ಹೇಳಿದ ಒಂದೊಂದು ವಾಕ್ಯವೂ ತನ್ನ ಅಕ್ಷರದಲ್ಲಿ, ತಾರೀಖಿನೊಂದಿಗೆ. ಮೊದಲ ಪುಟದಲ್ಲಿ ನಾನು ಕಲಿಸಿದ ಕನ್ನಡ ಲಿಪಿಯಲ್ಲಿ, ಸೊಟ್ಟಗೆ: "ಶಾರದಾಗೆ." ನನಗೆ ತಡವಾಗಿ ಬಂದ ಅಕ್ಷರ, ಅವಳಿಗೆ ಇನ್ನೂ ತಡವಾಗಿ ಬಂದದ್ದು. ತೆರೆದ ಬಾಯಿಯನ್ನು ಮುಚ್ಚಿಕೊಂಡೆ.

ಮುಂದಿನ ಮೂರು ದಿನ ತೋಟದಲ್ಲಿ ಚೀಲ ಕಟ್ಟಿದೆ. ನಮ್ಮಲ್ಲಿ ಚಪ್ಪರ ತಲೆಯ ಮೇಲೆ, ಕತ್ತು ನೋವು. ಅವರಲ್ಲಿ ಎದೆಯೆತ್ತರದ ತಂತಿ, ಸೊಂಟ ನೋವು. ಗೊಂಚಲನ್ನು ಚೀಲದೊಳಗೆ ಇಳಿಸಿ ತೊಟ್ಟಿನ ಹತ್ತಿರ ಬಾಯಿ ಮಡಿಸಿ ಕಟ್ಟಬೇಕು. ವಿಡಿಯೋದ "ಕುತ್ತಿಗೆ" ಅದೇ. ರೆಮೆ ಹತ್ತು ಕಟ್ಟುವಷ್ಟರಲ್ಲಿ ನಾನು ಎರಡು ಕಟ್ಟಿ ಒಂದು ಹರಿಯುತ್ತಿದ್ದೆ. ಪ್ರತಿ ಸಾಲಿನ ಕೊನೆಗೂ ಈಗ ಹೇಳುತ್ತೇನೆ ಎಂದುಕೊಂಡೆ. ಸಾಲುಗಳು ಮುಗಿದವು, ಶನಿವಾರವೂ ಮುಗಿಯಿತು.

ಭಾನುವಾರ

ಕಾರು ನಿಂತಿತು. ಪಾಬ್ಲೊ ಇಳಿದ, ಮಗುವನ್ನೆತ್ತಿಕೊಂಡು ಚೈತ್ರಾ ಇಳಿದಳು, ಕೊನೆಗೆ ಇಸ್ತ್ರಿ ಮಾಡಿದ ಹತ್ತಿ ಸೀರೆಯ ಶಾರದಮ್ಮ, ಕೈಯಲ್ಲಿ ಮೈಸೂರುಪಾಕಿನ ಡಬ್ಬಿ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ರೆಮೆ ಸೊಂಟಕ್ಕೆ ಕೈಯಿಟ್ಟಳು.

"ಏನ್ ಸಂಬಂದೀ, ಇಪ್ಪತಾ ನಮ್ಮನೆ ದಾರಿ ತೆರಿಂತಾ ನಿಂಗೆ? ಇಷ್ಟ್ ದಿನ ಎಲ್ಲಿದ್ದೆ? ಬಾ ಒಳಕ್ಕೆ, ಕೂಳುಣ್ಣು!"

ಬೀಗಿತ್ತಿಯನ್ನು ನಮ್ಮಲ್ಲಿ ಸಂಬಂದಿ ಎಂದು ಕರೆಯುತ್ತೇವೆ. ಚೈತ್ರಾಳ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಶಾರದಮ್ಮನ ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ರಕ್ತವೇ ಇಳಿದುಹೋದಂತೆ ಬಿಳುಪು.

"ಬಾಣಂತನಕ್ಕೆ ಬರೋಕಾಗಲಿಲ್ಲ, ನಿಜ," ಎಂದರು ಮೆಲ್ಲಗೆ. "ನಮ್ಮೆಜಮಾನರಿಗೆ ಹಾರ್ಟ್ ಆಪರೇಷನ್ ಆಗಿತ್ತು. ಅದನ್ನ ಬಾಗಿಲಲ್ಲೇ ನಿಲ್ಲಿಸಿ ಕೇಳಬೇಕಿತ್ತಾ?"

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಮಗಳ ಬಾಣಂತನ ಮಾಡದೆ ಹೋದ ತಾಯಿಗೆ ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಿಸಿದ್ದೆ. ರೆಮೆಗೆ ಆ ಮಾತು ಅರ್ಧವೂ ಅರ್ಥವಾಗಲಿಲ್ಲ, ಮುಖ ಮಾತ್ರ ಅರ್ಥವಾಯಿತು. ನಾನು ಹೊರಗೆ ಓಡಿ ಕೈಮುಗಿದೆ.

"ತಪ್ಪು ನಂದು ತಾಯೀ. ನಾ ಕಲಿಸ್ದುದು. ನಮ್ಮೂರ್ಲಿ ಪಿರಿಯಾ ಇರೋರ್ನ ಹಿಂಗೇ ಬಯ್ದು ಕೂಗಾದು."

ಪಿರಿಯಾ ಎಂದರೆ ಪ್ರೀತಿ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವು ತಮಿಳರಾ?"

"ಇಲ್ಲ. ಕನ್ನಡದೋರೇ."

"ಇದು ಕನ್ನಡವಾ?" ಎಂದರು. ಕೊಂಕಿನಿಂದ ಕೇಳಲಿಲ್ಲ. ಪರೀಕ್ಷೆಯ ಉತ್ತರಪತ್ರಿಕೆ ನೋಡಿ ಕೇಳುವ ಹಾಗೆ ಕೇಳಿದರು. ನನಗೆ ಕೊಂಕಿಗಿಂತ ಹೆಚ್ಚು ನೋವಾಯಿತು.

ಊಟಕ್ಕೆ ಕೂತ ಮೇಲೆ ಅವರು ಮನಸ್ಸು ತಿಳಿಮಾಡಿಕೊಂಡು ರೆಮೆಗೆ ಸಹಾಯ ಮಾಡಲು ಹೊರಟರು. ಕೂಳು ಅನ್ನಬಾರದು, ಊಟ ಅನ್ನಬೇಕು. ಉಣ್ಣು ಅಲ್ಲ, ಊಟ ಮಾಡಿ. ತೆರಿಂತಾ ಅನ್ನುವ ಪದವೇ ಇಲ್ಲ. ಒಂದೊಂದು ತಿದ್ದುಪಡಿಗೂ ರೆಮೆಯ ವಾಕ್ಯ ಗಿಡ್ಡವಾಗುತ್ತ ಬಂತು. ಹಣ್ಣು ಕತ್ತರಿಸುವ ಹೊತ್ತಿಗೆ ಅವಳು ಸ್ಪ್ಯಾನಿಷ್‌ಗೆ ಹೋದಳು, ಚೈತ್ರಾ ಅನುವಾದ ಮಾಡಿದಳು. ಇಬ್ಬರು ಅಜ್ಜಿಯರೂ ಮೈಸೂರಿನ ಮದುವೆಯ ಹಾಗೆ ನಗಾಡುತ್ತ ಕೂತರು. ನೋಟ್‌ಬುಕ್ ಮೇಜಿನ ಡ್ರಾಯರಿಗೆ ಸೇರಿತು.

ಪಾತ್ರೆ ತೊಳೆಯುವಾಗ ರೆಮೆ ನನ್ನ ಕಡೆ ನೋಡದೆ, ನಮ್ಮ ಕನ್ನಡದಲ್ಲೇ ಕೇಳಿದಳು, "ಯಾಕ ಹೇಳ್ಲ ನಂಗೆ?"

"ಹೇಳಿದ್ರೆ ಬೇರೆ ಟೀಚರ್ ನೋಡ್ತಿದ್ದೆ ನೀ."

"ಆಮಾ. ನೋಡ್ತಿದ್ದೆ." ಆಮಾ ಎಂದರೆ ಹೌದು, ಅದನ್ನೂ ನಾನೇ ಕಲಿಸಿದ್ದು. ತಟ್ಟೆಯನ್ನು ಒರೆಸಿ ಇಟ್ಟಳು. "ಎರಡ್ ವರ್ಷ, ನಾಗಮ್ಮಾ."

ಆಮೇಲೆ ನನ್ನ ಕೋಣೆಗೆ ನೀರಿನ ಜಗ್ಗು ತಂದಿಟ್ಟು, ಸ್ಪ್ಯಾನಿಷ್‌ನಲ್ಲಿ, ಬಹಳ ಮರ್ಯಾದೆಯಿಂದ, ಚೆನ್ನಾಗಿ ನಿದ್ದೆ ಮಾಡಿ ಎಂದಳು. ಎರಡು ವರ್ಷದಲ್ಲಿ ಒಮ್ಮೆಯೂ ಅವಳು ನನಗೆ ಮರ್ಯಾದೆ ಕೊಟ್ಟಿರಲಿಲ್ಲ.

ಮಂಗಳವಾರ, ತೋಟ

ಶಾರದಮ್ಮನಿಗೆ ತೋಟ ನೋಡಬೇಕಿತ್ತು. ಪಾಬ್ಲೊ, ಚೈತ್ರಾ ಮಗುವನ್ನು ಡಾಕ್ಟರಿಗೆ ತೋರಿಸಲು ಹೋಗಿದ್ದರು. ನಾವು ಮೂವರು ಒಂದೇ ಸಾಲಿನಲ್ಲಿ ನಿಂತೆವು. ರೆಮೆ ಮುಂದೆ, ಶಾರದಮ್ಮ ಮಧ್ಯೆ, ನಾನು ಹಿಂದೆ. ಶಾರದಮ್ಮ ಚೀಲವನ್ನು ನನಗಿಂತ ಚೆನ್ನಾಗಿ ಕಟ್ಟಿದರು, ಅಂಚು ಹೊಂದಿಸಿ, ಪುಸ್ತಕಕ್ಕೆ ಬೈಂಡು ಹಾಕುವವರಂತೆ. ನನಗೆ ಅದೂ ಹೊಟ್ಟೆಕಿಚ್ಚಾಯಿತು.

ಒಂದು ದೊಡ್ಡ ಎಲೆಯ ಹಿಂದಿನ ಗೊಂಚಲಿಗೆ ಅವರು ಕೈ ಹಾಕಿದರು. ಎಲೆಯ ಅಡಿಯಲ್ಲಿ ಕಡಜದ ಗೂಡು. ರೆಮೆ ತಿರುಗಿದವಳೇ ಕಿರುಚಿದಳು.

"ಕೈ ತೆಗೀ ಸಂಬಂದೀ! ಕಡಜ! ಓಡ್ಬ್ಯಾಡ, ಸುಮ್ನ ನಿಲ್ಲು!"

ಸ್ಪ್ಯಾನಿಷ್ ಅಲ್ಲ, ಅವಳ ಮನೆಯ ಮಾತೂ ಅಲ್ಲ. ಶಾರದಮ್ಮ ಕೈ ತೆಗೆದರು, ಅಲುಗದೆ ನಿಂತರು. ಅಷ್ಟರಲ್ಲಿ ಒಂದು ಬೆರಳಿಗೆ ಕಚ್ಚಿಯಾಗಿತ್ತು. ರೆಮೆ ಅವರನ್ನು ಎಳೆದುಕೊಂಡು ಹೋಗಿ ಸಾಲಿನ ಕೊನೆಯ ಕಲ್ಲಿನ ಮೇಲೆ ಕೂರಿಸಿ, ಊಟದ ಬುಟ್ಟಿಯಲ್ಲಿದ್ದ ವಿನೆಗರ್ ಬೆರಳಿಗೆ ಸುರಿದಳು. ಸುರಿಯುತ್ತ ಬೈದಳು. "ಕಣ್ ಇಲ್ವಾ ನಿಂಗೆ? ಇಷ್ಟ್ ಓದಿ ಏನ್ ಬಂತು? ಕಾಣ್ದ ಜಾಗಕ್ಕೆ ಕೈ ಹಾಕ್ತಾರಾ ಯಾರ್ನಾ?" ಪಾಠದ ನಡುವೆ ಎಷ್ಟೋ ಸಲ ನಾನು ಫೋನ್ ಕೆಳಗಿಟ್ಟು ಪೇಚಿಯಮ್ಮನನ್ನು ಬೈದಿದ್ದೆ. ಅದೆಲ್ಲವೂ ಪಾಠವೇ ಆಗಿತ್ತೆಂದು ಆಗ ತಿಳಿಯಿತು.

ಶಾರದಮ್ಮ ಅಳುತ್ತಿದ್ದಾರೆಂದು ನಾನು ಭಾವಿಸಿದೆ. ಅವರು ನಗುತ್ತಿದ್ದರು, ಆಮೇಲೆ ಎರಡೂ ಆಯಿತು.

"ಹೆಡ್‌ಮೇಡಂ ಆದಮೇಲೆ ನನ್ನನ್ನ ಯಾರೂ ಬೈದಿಲ್ಲ ಕಣ್ರೀ," ಎಂದರು ನನ್ನ ಕಡೆ ತಿರುಗಿ. "ಮನೇಲೂ ಬೈಯಲ್ಲ. ಎಲ್ಲರೂ ಮೇಡಂ, ಮೇಡಂ. ಹೀಗೆ ಬೈತಾ ಇದ್ದವಳು ನಮ್ಮಮ್ಮ ಒಬ್ಬಳೇ."

ರೆಮೆ ಊದಿದ ಬೆರಳನ್ನು ಹಿಡಿದೇ ಇದ್ದಳು. ಶಾರದಮ್ಮ ಅವಳ ಕಡೆ ನೋಡಿ, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದರು, "ಬರಬೇಕಿತ್ತು ರೆಮೆ. ಅವಳ ಬಾಣಂತನಕ್ಕೆ ನಾನು ಬರಬೇಕಿತ್ತು. ಆಗಲಿಲ್ಲ. ಅದು ನನ್ನ ಎದೇಲಿ ಕೂತಿದೆ."

ಇಷ್ಟು ಅವಳಿಗೆ ತಿಳಿಯಿತೋ ಇಲ್ಲವೋ ಎಂದು ನಾನು ಅನುವಾದಕ್ಕೆ ಬಾಯಿ ತೆರೆದೆ. ರೆಮೆ ಕೈಯಿಂದಲೇ ನನ್ನನ್ನು ತಡೆದಳು.

"ತೆರಿಯು," ಎಂದಳು. ಗೊತ್ತು. "ಅಳ್ಬ್ಯಾಡ. ನಾ ಇದ್ನಲ್ಲ."

ಅದು ನಾನು ಕಲಿಸಿದ ವಾಕ್ಯವಲ್ಲ. ನೋಟ್‌ಬುಕ್ಕಿನಲ್ಲಿ ಎಲ್ಲೂ ಇಲ್ಲ. ಅವಳೇ ಮಾಡಿಕೊಂಡದ್ದು. ಶಾರದಮ್ಮ ತಿದ್ದಲಿಲ್ಲ. ಇಬ್ಬರೂ ಕಲ್ಲಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ನಾನು ಸಾಲಿನ ಆ ತುದಿಗೆ ಹೋಗಿ ಯಾರಿಗೂ ಕಾಣದಂತೆ ಮೂಗು ಒರೆಸಿಕೊಂಡೆ.

ಸಂಜೆ ರೆಮೆ ನನ್ನ ಕುರ್ಚಿಯನ್ನೂ ತಾನೇ ಬೀದಿಗೆ ತಂದು ಹಾಕಿ, "ಕೂರು ಕಳ್ಳೀ," ಎಂದಳು. ನಾನು ಕ್ಷಮೆ ಕೇಳುವ ಸ್ಪ್ಯಾನಿಷ್ ವಾಕ್ಯವನ್ನು ಜೋಡಿಸಿಟ್ಟುಕೊಂಡಿದ್ದೆ. ಕಳ್ಳಿ ಎಂದಮೇಲೆ ಅದರ ಅಗತ್ಯ ಬೀಳಲಿಲ್ಲ.

ಅವರು ವಲೆನ್ಸಿಯಾಕ್ಕೆ ಹೊರಟ ದಿನ ಶಾರದಮ್ಮ ಕಾರಿನ ಬಾಗಿಲು ಹಿಡಿದು ರೆಮೆಯ ಕೆನ್ನೆ ಹಿಂಡಿ, "ಮೈಸೂರಿಗೆ ಬಂದು ಸೇರು. ಬರ್ಲಿಲ್ವೋ, ಆಮೇಲೆ ನೋಡ್ಕೋ," ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೈಮುಗಿದರು. "ಬರ್ತೀನಿ ನಾಗಮ್ಮಾಳ್ ಅವರೇ. ನಿಮ್ಮನ್ನ ಭೇಟಿಯಾಗಿದ್ದು ತುಂಬಾ ಸಂತೋಷ. ಏನಾದರೂ ಬರೆದರೆ ಕಳಿಸಿ, ನೋಡಿಕೊಡ್ತೀನಿ." ಒಳ್ಳೆಯ ಮಾತುಗಳೇ. ಮೀಟರ್ ಓದಲು ಬಂದವನಿಗೆ ಹೇಳುವಷ್ಟು ಒಳ್ಳೆಯ ಮಾತುಗಳು.

ಮತ್ತೆ ಓಡೈಪಟ್ಟಿ

ಈಗ ನಮ್ಮ ಚಪ್ಪರದಲ್ಲಿ ಎರಡು ಸಾಲಿಗೆ ಕಾಗದದ ಚೀಲ ಕಟ್ಟಿದ್ದೇವೆ. ನೋಡಲು ಬಂದವರು ದೃಷ್ಟಿಗೆ ಕಟ್ಟಿದ್ದಾ ಎಂದು ಕೇಳುತ್ತಾರೆ. ರೆಮೆಯೊಡನೆ ಪಾಠ ನಡೆದಿದೆ. ಅರ್ಧ ಗಂಟೆ ಅವಳ ಮನೆಯ ಮಾತು, ಅರ್ಧ ಗಂಟೆ ನನ್ನದು. ಸ್ಪ್ಯಾನಿಷ್ ಆ್ಯಪ್ ಅಳುಮೋರೆ ಕಳಿಸುತ್ತಲೇ ಇದೆ.

ಈ ಪ್ರವಾಸವನ್ನು ಬರೆದು, ಹೆದರಿ ಹೆದರಿ, ಪುಟಗಳ ಫೋಟೋ ತೆಗೆದು ಶಾರದಮ್ಮನಿಗೆ ಕಳಿಸಿದೆ. ನಾನು ಕನ್ನಡದಲ್ಲಿ ಬರೆದ ಮೊದಲ ಉದ್ದದ ಬರಹ ಇದು. ನಾಲ್ಕು ದಿನಕ್ಕೆ, ಪ್ರಿಂಟ್ ತೆಗೆದು ತಿದ್ದಿದ ಪುಟಗಳ ಫೋಟೋ ವಾಪಸು ಬಂತು. ಪುಟದ ತುಂಬ ಕೆಂಪು ಶಾಯಿ: ಒತ್ತಕ್ಷರ, ದೀರ್ಘ, ಅಲ್ಪಪ್ರಾಣ ಮಹಾಪ್ರಾಣ. ನೀವು ಈಗ ಓದುತ್ತಿರುವುದು, ಈ ಕೊನೆಯ ತುಣುಕು ಬಿಟ್ಟು, ಅವರು ತಿದ್ದಿದ್ದು. ರೆಮೆ ಆಡಿದ ಮಾತು, ನಾನು ಆಡಿದ ಮಾತು ಇರುವ ಸಾಲುಗಳಲ್ಲಿ ಮಾತ್ರ ಒಂದು ಕೆಂಪು ಚುಕ್ಕೆಯೂ ಇರಲಿಲ್ಲ.

ಜೊತೆಗೆ ಒಂದು ಧ್ವನಿಸಂದೇಶ. ಚಪ್ಪರದ ಕೆಳಗೆ, ಕತ್ತರಿ ಕೈಯಲ್ಲಿದ್ದಾಗಲೇ ಒತ್ತಿದೆ. ಕಿವಿಗೆ ವೈರು ಇರಲಿಲ್ಲ, ಇಡೀ ತೋಟಕ್ಕೆ ಕೇಳಿಸಿತು.

"ಏನೇ ನಾಗಮ್ಮಾ, ಊರಿಗೆ ಹೋದ್ಮೇಲೆ ನಾನು ಸತ್ತೆನೋ ಬದುಕಿದೀನೋ ಅಂತ ಕೇಳೋಕೆ ಬಾಯಿಲ್ವಾ ನಿಂಗೆ? ಕಾಗುಣಿತ ತಿದ್ದೋಕೆ ಮಾತ್ರ ನಾನು ಬೇಕಾ? ಸ್ಪೇನಿಗೆ ದಾರಿ ಗೊತ್ತಾಗುತ್ತೆ, ಮೈಸೂರಿಗೆ ಗೊತ್ತಾಗಲ್ವಾ? ಬಂದ್ರೆ ಬಾ, ಇಲ್ದಿದ್ರೆ ನಾನೇ ಬಂದು ನಿನ್ನ ಚಪ್ಪರದ ಕೆಳಗೆ ಕೂತು ಕೂಳುಣ್ತೀನಿ, ನೋಡ್ಕೋ!"

ಪೇಚಿಯಮ್ಮ ಕತ್ತರಿ ನಿಲ್ಲಿಸಿ ನನ್ನ ಮುಖ ನೋಡಿದಳು. ನನ್ನ ಕಣ್ಣಲ್ಲಿ ನೀರು ಕಂಡು ಅವಳಿಗೆ ಸಿಟ್ಟೇ ಬಂತು.

"ಯಾರಕ್ಕಾ ಅದು, ಈ ಪಾಡು ಬಯ್ತಾರೆ ನಿನ್ನ?"

"ನಮ್ಮೋರು," ಎಂದೆ.